ಪದಚರ್ಚೆ: ಶಿಕ್ಷೆಯ ಮಾತು ಬಂದಾಗ ‘ಸಂಯಮ’ ಯಾವುದರ ಮೇಲಿನ ಹಿಡಿತ?

ಎಲ್ಲರಿಗೂ ನಮಸ್ಕಾರ.

ತಮಗೇನೂ ಸಂಬಂಧವಿಲ್ಲದ ಅನ್ಯಾಯವನ್ನು ಕಂಡು ಮೂರನೆಯವರು ಯಾವಾಗ ಶಿಕ್ಷೆಗೆ ಮುಂದಾಗುತ್ತಾರೆ ಎಂಬುದರ ಬಗ್ಗೆ ಬರೆಯುತ್ತಿದ್ದೇನೆ. ‘ಸೆಲ್ಫ್ ಕಂಟ್ರೋಲ್’ಗೆ ಯಾವ ಪದ ಬಳಸುವುದು ಎಂಬಲ್ಲಿ ಬರವಣಿಗೆ ನಿಂತಿದೆ.

ಹಿನ್ನೆಲೆ ಇಷ್ಟು. ಅರ್ನ್ಸ್ಟ್ ಫೆರ್ ಮತ್ತು ಉರ್ಸ್ ಫಿಶ್‌ಬಾಕರ್ 2004ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಬ್ಬನ ಕೈಯಲ್ಲಿ 100 ಅಂಕ, ಇನ್ನೊಬ್ಬನಿಗೆ ಸೊನ್ನೆ. ಕೊಡುವುದು ಬಿಡುವುದು ಮೊದಲನೆಯವನ ಇಷ್ಟ. ಇದನ್ನು ನೋಡುವ ಮೂರನೆಯವನ ಬಳಿ 50 ಅಂಕ. ಅವನು ತನ್ನದರಲ್ಲಿ 1 ಅಂಕ ಬಿಟ್ಟುಕೊಟ್ಟರೆ ಮೊದಲನೆಯವನ 3 ಅಂಕ ಹೋಗುತ್ತವೆ. ಅವನಿಗೆ ಇದರಿಂದ ಕವಡೆ ಕಾಸಿನ ಲಾಭವಿಲ್ಲ. ಹಾಗಿದ್ದೂ, ಅರ್ಧಕ್ಕಿಂತ ಕಡಿಮೆ ಕೊಟ್ಟವರಿಗೆ ಸುಮಾರು ಶೇ. 60ರಷ್ಟು ಮಂದಿ ದಂಡ ಹಾಕಿದರು. ದಂಡ ಹಾಕುವವನೇ ದಂಡ ತೆರುವ ಆಟ!

ಏಕೆ ಹೀಗೆ ಎಂಬುದಕ್ಕೆ ಎರಡು ವಾದಗಳಿವೆ. ಸಿಟ್ಟು ಬಂದು ಶಿಕ್ಷಿಸುತ್ತಾರೆ, ಹಿಡಿತವಿದ್ದವರು ಸುಮ್ಮನಿರುತ್ತಾರೆ ಎಂಬುದು ಒಂದು. ಇನ್ನೊಂದು ಇದಕ್ಕೆ ತದ್ವಿರುದ್ಧ: ಮೊದಲು ಎಳೆಯುವುದು ಸ್ವಂತ ಲಾಭ, ಆ ಎಳೆತವನ್ನು ತಡೆದವರೇ ಕೈಯಿಂದ ಕಳೆದುಕೊಂಡಾದರೂ ಶಿಕ್ಷಿಸಬಲ್ಲರು. 2006ರಲ್ಲಿ ಡಾರಿಯಾ ಕ್ನೋಕ್ ಮತ್ತು ಸಂಗಡಿಗರು ಮಿದುಳಿನ ಮುಂಭಾಗದ ಬಲಗಡೆಯ ಒಂದು ಪ್ರದೇಶವನ್ನು ಕಾಂತೀಯ ಮಿಡಿತಗಳಿಂದ ಸ್ವಲ್ಪ ಹೊತ್ತು ಮಂಕಾಗಿಸಿದಾಗ, ಜನ ‘ಇದು ಅನ್ಯಾಯ’ ಎನ್ನುತ್ತಲೇ ಸಿಕ್ಕಷ್ಟು ಹಣ ಒಪ್ಪಿಕೊಳ್ಳುವುದು ಹೆಚ್ಚಾಯಿತು. ಬೇಡವೆಂದರೆ ಹಣ ಹಂಚಿದವನಿಗೂ ತಮಗೂ ಏನೂ ಸಿಗದ ಆಟವದು, ಅಂದರೆ ಅಲ್ಲಿ ನಿರಾಕರಣೆಯೇ ಶಿಕ್ಷೆ. (ಅಲ್ಲಿದ್ದವರು ಅನ್ಯಾಯಕ್ಕೊಳಗಾದವರೇ, ನೋಡುಗರಲ್ಲ. ಆದರೂ ಎರಡನೆಯ ವಾದಕ್ಕೆ ಇದು ಬಲ ಕೊಡುತ್ತದೆ.)

ನಮ್ಮ ‘ಸಂಯಮ’ ಮೊದಲನೆಯ ವಾದಕ್ಕಷ್ಟೇ ಹೊಂದುತ್ತದೆ. ‘ಸಂಯಮ ಕಾಯ್ದುಕೊಳ್ಳಿ’ ಅಂದರೆ ಕೈ ಎತ್ತಬೇಡಿ, ಬಾಯಿ ಬಿಗಿಹಿಡಿಯಿರಿ ಅಂತಲೇ. ‘ಸಂಯಮ ಇದ್ದವರೇ ಹೆಚ್ಚು ಶಿಕ್ಷಿಸುತ್ತಾರೆ’ ಎಂದು ಬರೆದರೆ ಓದುಗರು ಅಚ್ಚಿನ ತಪ್ಪು ಅಂದುಕೊಂಡಾರು. ಊಟದಲ್ಲೂ ಸಂಯಮ ಅನ್ನುತ್ತೇವಲ್ಲ ಎನ್ನಬಹುದು. ನಿಜ, ಆದರೆ ಪಕ್ಕದಲ್ಲಿ ಅನ್ಯಾಯ, ಶಿಕ್ಷೆ ಎಂಬ ಮಾತು ಬಂದ ಕೂಡಲೇ ಅದು ಸಿಟ್ಟಿಗೇ ಅಂಟಿಕೊಳ್ಳುತ್ತದೆ. ‘ನಿಗ್ರಹ’ಕ್ಕೆ ಒಂದು ಕಡೆ ಇಂದ್ರಿಯ, ಇನ್ನೊಂದು ಕಡೆ ಭ್ರಷ್ಟಾಚಾರ. ‘ಸ್ವನಿಯಂತ್ರಣ’ ಯಂತ್ರಕ್ಕೆ ಹೇಳಿದಂತಿದೆ. ನನ್ನ ಒಲವು ‘ಹತೋಟಿ’ಯ ಕಡೆಗೆ. ಸಿಟ್ಟಿನ ಮೇಲಿನ ಹತೋಟಿ, ಆಸೆಯ ಮೇಲಿನ ಹತೋಟಿ ಎಂದು ಬಿಡಿಸಿ ಹೇಳಬಹುದು. ಶೀರ್ಷಿಕೆಯಲ್ಲಿ ಒಂಟಿಯಾಗಿ ನಿಲ್ಲಿಸಿದರೆ ಮಾತ್ರ ಸಪ್ಪೆ.

ಜೊತೆಗೆ ಇನ್ನೊಂದು. ನೋಡುಗರಿಗೆ ಬರುವ ಸಿಟ್ಟನ್ನು ‘ಸಾತ್ವಿಕ ಕೋಪ’ ಎನ್ನಲು ಮನಸ್ಸಿಲ್ಲ, ಅದರಲ್ಲಿ ಆಗಲೇ ಮೆಚ್ಚುಗೆ ಸೇರಿಕೊಂಡಿದೆ. ಪ್ರಯೋಗ ಮಾಡುವವರು ಸಿಟ್ಟನ್ನು ಅಳೆಯುತ್ತಾರೆ, ಹೊಗಳುವುದಿಲ್ಲ. ‘ಆಕ್ರೋಶ’ ಎಂದರೆ ಪತ್ರಿಕೆಯ ತಲೆಬರಹದಂತೆ ಕೇಳಿಸುತ್ತದೆ. ಬರೀ ‘ಸಿಟ್ಟು’ ಸಾಕೇ? ‘ಹತೋಟಿ’ಗಿಂತ ಒಪ್ಪುವ ಪದವನ್ನು ಯಾರಾದರೂ ಬಳಸಿದ್ದರೆ ವಾಕ್ಯದ ಸಮೇತ ತಿಳಿಸಿ.