ಸಹಾಯ ಬೇಕು: ಹಾರುವ ಬೆಳ್ಳಕ್ಕಿ ಫೋಕಸ್‌ಗೆ ಸಿಗುತ್ತಿಲ್ಲ
ನಮಸ್ಕಾರ. ಕೊಂಬೆ ಮೇಲೆ ಕೂತ ಹಕ್ಕಿ ಎಷ್ಟು ತೆಗೆದರೂ, ರೆಕ್ಕೆ ಬಿಚ್ಚಿದ ಒಂದು ಫೋಟೋ ಕೊಡುವ ಖುಷಿನೇ ಬೇರೆ. ಸಿಗಬೇಕಲ್ಲ!

ಹದ್ದು ಪರವಾಗಿಲ್ಲ. ನಿಧಾನಕ್ಕೆ ಸುತ್ತು ಹೊಡೆಯುತ್ತದೆ, 1/1600 ಸೆಕೆಂಡ್ ಶಟರ್ ಸ್ಪೀಡ್‌ನಲ್ಲಿ ರೆಕ್ಕೆ ತುದಿಯ ಗರಿಗಳೂ ಬಿಡಿಬಿಡಿಯಾಗಿ ಕಾಣುತ್ತವೆ. ತಲೆನೋವು ಬೆಳ್ಳಕ್ಕಿಯದು. ಹಿಂದೆ ಬರೀ ಆಕಾಶ ಇದ್ದಾಗ ಫೋಕಸ್ ಬಿಡುವುದಿಲ್ಲ. ಮರಗಳ ಮುಂದೆ ಹಾದ ತಕ್ಷಣ ಹಕ್ಕಿ ಬಿಟ್ಟು ಎಲೆಗಳ ಮೇಲೆ ಹೋಗಿ ಕೂರುತ್ತದೆ. ಸಾಲದ್ದಕ್ಕೆ, ಹಿಂದಿನ ಮರ ಕಪ್ಪಗಿದ್ದರೆ ಬಿಳಿ ರೆಕ್ಕೆ ಪೂರ್ತಿ ಬೆಳ್ಳಗೆ ಸುಟ್ಟುಹೋಗಿ ಒಂದು ಗರಿಯೂ ಕಾಣುವುದಿಲ್ಲ.

ಈಗಿನ ಸೆಟ್ಟಿಂಗ್: ಕಂಟಿನ್ಯುಯಸ್ ಆಟೋಫೋಕಸ್ (ಹಾರುವ ಹಕ್ಕಿಯ ಮೇಲೆ ಬಿಡದೆ ಫೋಕಸ್ ಮಾಡುತ್ತಲೇ ಇರುವುದು), ಅಗಲದ ಫೋಕಸ್ ಏರಿಯಾ, ಆಟೋ ಐಎಸ್‌ಒ (ಬೆಳಕಿನ ಸಂವೇದನೆಯನ್ನು ಕ್ಯಾಮೆರಾನೇ ಹೊಂದಿಸುವುದು), 400 ಎಂಎಂ ಲೆನ್ಸ್, ಟ್ರೈಪಾಡ್ ಇಲ್ಲ. ಹಳೇ ಡಿಎಸ್‌ಎಲ್‌ಆರ್, ಹಕ್ಕಿಯ ಕಣ್ಣು ತಾನೇ ಹುಡುಕುವ ಸೌಲಭ್ಯ ಅದರಲ್ಲಿಲ್ಲ. ಹೊಸದು ತಗೊಳ್ಳಿ ಅಂತ ಮಾತ್ರ ಹೇಳಬೇಡಿ, ದಯವಿಟ್ಟು!

ಫೋಕಸ್ ಏರಿಯಾ ಚಿಕ್ಕದು ಮಾಡಲೇ? ಆಗ ಹಕ್ಕಿಯನ್ನು ಪಾಯಿಂಟ್ ಒಳಗೆ ಇಟ್ಟುಕೊಳ್ಳುವುದೇ ಕಷ್ಟ ಅಲ್ವಾ? ಬಿಳಿ ಹಕ್ಕಿಗೆ ಐಎಸ್‌ಒ ಕೂಡ ಲಾಕ್ ಮಾಡಿ ಪೂರ್ತಿ ಮ್ಯಾನುಯಲ್‌ನಲ್ಲಿ ತೆಗೆಯುತ್ತೀರಾ, ಇಲ್ಲ ಎಕ್ಸ್‌ಪೋಷರ್ ಕಾಂಪನ್ಸೇಷನ್ (ಫೋಟೋ ಎಷ್ಟು ಬೆಳ್ಳಗೆ ಬರಬೇಕು ಅನ್ನುವ ಹೊಂದಾಣಿಕೆ) ಮೈನಸ್‌ಗೆ ಇಳಿಸುತ್ತೀರಾ? ಬೆಳ್ಳಕ್ಕಿ ತೆಗೆದು ಅಭ್ಯಾಸ ಇರುವವರು ನಿಮ್ಮ ಸೆಟ್ಟಿಂಗ್ ಹೇಳಿ. ಆಗದೆ ಹೋದ ಫೋಟೋಗಳನ್ನೂ ಬೇಕಾದರೆ ಹಾಕುತ್ತೇನೆ, ಜಾಸ್ತಿನೇ ಇವೆ.