ಕ್ಯಾಪ್ಟನ್ ಮೇಡಂ ಜತೆ ಪ್ರಶ್ನೋತ್ತರ: ಪೈಲಟ್ ಆಗಲು ಏನು ಬೇಕು, ಆಮೇಲೆ ಕೆಲಸ ಸಿಗುತ್ತದಾ?

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಪಿಯು ರಿಸಲ್ಟ್ ಬಂದಾಗಿನಿಂದ ಗುಂಪಿನಲ್ಲಿ ಪೈಲಟ್ ತರಬೇತಿ ಬಗ್ಗೆ ಕೇಳುವವರು ಜಾಸ್ತಿ ಆಗಿದ್ದಾರೆ. ನಮ್ಮ ಹೊನ್ನಾವರ ಕಡೆಯವರೇ ಆದ ಕ್ಯಾಪ್ಟನ್ ಮೇಡಂ ರಜೆಯಲ್ಲಿ ಊರಿಗೆ ಬಂದಿದ್ದಾರೆ. ಏರ್‌ಲೈನ್‌ನಲ್ಲಿ ಏರ್‌ಬಸ್ ಎ320 ವಿಮಾನ ಹಾರಿಸುತ್ತಾರೆ. ಇವತ್ತು 3 ಗಂಟೆಯಿಂದ ಉತ್ತರ ಕೊಡುತ್ತಾರೆ. ಕೇಳುವ ಮೊದಲು ಮೇಲಿನದ್ದು ಓದಿ. ಹೂವಿನ ಚಿತ್ರ, ಶುಭೋದಯ ಇವತ್ತೊಂದು ದಿನ ಬೇಡ.

ಕಾರವಾರದ ಪಾಲಕರು: ನಮಸ್ತೆ ಸರ್, ಕನಿಷ್ಠ ಅರ್ಹತೆ ಏನು, ಒಟ್ಟು ಎಷ್ಟು ಖರ್ಚು?

ಕ್ಯಾಪ್ಟನ್: ನಮಸ್ತೆ. ಸರ್ ಅಲ್ಲ, ಮೇಡಂ. ಪಿಯುಸಿ ಪಾಸಾಗಿರಬೇಕು, ಅದರಲ್ಲಿ ಫಿಸಿಕ್ಸ್ ಮತ್ತು ಮ್ಯಾಥ್ಸ್ ಇರಬೇಕು. ಲೈಸೆನ್ಸ್ ಕೈಗೆ ಬರುವಾಗ 18 ವರ್ಷ ಆಗಿರಬೇಕು. ಒಟ್ಟು 200 ಗಂಟೆ ಹಾರಾಟ, ಅದರಲ್ಲಿ 100 ಗಂಟೆ ಕಮಾಂಡ್ ನಿಮ್ಮದೇ, ಅಂದರೆ ಪಕ್ಕದಲ್ಲಿ ಇನ್‌ಸ್ಟ್ರಕ್ಟರ್ ಇಲ್ಲದೆ. ಡಿಜಿಸಿಎ (ವಿಮಾನಯಾನ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ) ಪರೀಕ್ಷೆಗಳು: ನ್ಯಾವಿಗೇಷನ್, ಹವಾಮಾನ, ರೆಗ್ಯುಲೇಷನ್ಸ್, ಟೆಕ್ನಿಕಲ್. ಪಾಸ್ ಆಗಲು 70 ಬೇಕು, 35 ಅಲ್ಲ. ಜತೆಗೆ ರೇಡಿಯೊ ಮಾತುಕತೆಯ ಆರ್‌ಟಿಆರ್. ಇದೆಲ್ಲ ಮುಗಿದರೆ ಸಿಪಿಎಲ್, ಅಂದರೆ ಸಂಬಳಕ್ಕೆ ವಿಮಾನ ಹಾರಿಸುವ ಲೈಸೆನ್ಸ್. ಏರ್‌ಲೈನ್ ಕೆಲಸಕ್ಕೆ ಎರಡು ಎಂಜಿನ್ ವಿಮಾನದ ರೇಟಿಂಗ್, ಇನ್‌ಸ್ಟ್ರುಮೆಂಟ್ ರೇಟಿಂಗ್ (ಹೊರಗೆ ಏನೂ ಕಾಣದಾಗ ಉಪಕರಣ ನೋಡಿ ಹಾರಿಸುವ ಅರ್ಹತೆ) ಬೇಕು. ಅದರ ಮೇಲೆ ಎ320 ಅಥವಾ ಬೋಯಿಂಗ್ 737ರ ಟೈಪ್ ರೇಟಿಂಗ್, ಅಂದರೆ ಆ ಮಾದರಿಯ ವಿಮಾನ ಹಾರಿಸುವ ಅರ್ಹತೆ.

ಖರ್ಚು: ಸಿಪಿಎಲ್ ತನಕ 50 ಲಕ್ಷದ ಮೇಲೇ ಹೋಗುತ್ತದೆ, ಟೈಪ್ ರೇಟಿಂಗ್‌ಗೆ ಇನ್ನೊಂದು 15–20 ಲಕ್ಷ. ಏರ್‌ಲೈನ್‌ಗಳ ಕೆಡೆಟ್ ಕೋರ್ಸ್ ಹಿಡಿದರೆ ಒಂದು ಕೋಟಿ ದಾಟುತ್ತದೆ. 30 ಲಕ್ಷಕ್ಕೆ ಎಲ್ಲ ಮುಗಿಸಿಕೊಡುತ್ತೇವೆ ಅನ್ನುವವರ ಹತ್ತಿರ "ಎಲ್ಲ" ಅಂದರೆ ಏನೇನು ಅಂತ ಬರೆಸಿಕೊಳ್ಳಿ.

ದಾಂಡೇಲಿ ವಿದ್ಯಾರ್ಥಿನಿ: ಅಕ್ಕ, ನಾನು ಕಾಮರ್ಸ್. ನನಗೆ ಆಗಲ್ವಾ? ಮತ್ತೆ ಹುಡುಗಿಯರಿಗೆ ಕೆಲಸ ಕೊಡುತ್ತಾರಾ?

ಕ್ಯಾಪ್ಟನ್: ಎನ್‌ಐಓಎಸ್‌ನಲ್ಲಿ (ಮುಕ್ತ ಶಾಲೆಯ ಬೋರ್ಡ್) ಫಿಸಿಕ್ಸ್, ಮ್ಯಾಥ್ಸ್ ಎರಡೇ ವಿಷಯ ಬರೆದು ಪಾಸಾಗು, ಆಗುತ್ತದೆ. ಡಿಜಿಸಿಎ ಪರೀಕ್ಷೆಗೆ ಕಂಪ್ಯೂಟರ್ ನಂಬರ್ ತೆಗೆಯುವಾಗ ಬೋರ್ಡ್‌ನಿಂದ ಮಾರ್ಕ್ಸ್ ಕಾರ್ಡಿನ ವೆರಿಫಿಕೇಷನ್ ಪತ್ರ ಕೇಳುತ್ತಾರೆ. ಅದಕ್ಕೆ ಈಗಲೇ ಅರ್ಜಿ ಹಾಕು, ಅಲ್ಲೇ ತಿಂಗಳುಗಟ್ಟಲೆ ಹೋಗುತ್ತದೆ. ಹುಡುಗಿಯರ ವಿಷಯ: ನಮ್ಮ ದೇಶದ ಪೈಲಟ್‌ಗಳಲ್ಲಿ 100ಕ್ಕೆ ಸುಮಾರು 15 ಜನ ಹೆಂಗಸರು. ಜಗತ್ತಿನ ಲೆಕ್ಕ 5ರ ಆಸುಪಾಸು. ಹೆದರಬೇಡ.

ಭಟ್ಕಳ ಹುಡುಗ: ಮೇಡಂ ಹೆಲಿಕಾಪ್ಟರ್ ಪೈಲಟ್ ಆಗುವುದು ಹೇಗೆ?

ಅಂಕೋಲಾ ನಾಯಕ: ಮಗನಿಗೆ ಕನ್ನಡಕ ಇದೆ, ನಡೆಯುತ್ತಾ ಸರ್?

ಕ್ಯಾಪ್ಟನ್: ಕನ್ನಡಕ ಹಾಕಿ ದೃಷ್ಟಿ ಪೂರ್ತಿ ಸರಿಹೋಗುತ್ತದೆ ಅಂದರೆ ನಡೆಯುತ್ತದೆ. ನಾನೂ ಹಾಕುತ್ತೇನೆ. ಮತ್ತೆ, ಮೇಡಂ.

ಶಿರಸಿ ಹೆಗಡೆ: ಮೇಡಂ, ನಮ್ಮದು ಸ್ವಲ್ಪ ಉದ್ದ ಇದೆ. ಮಗ ಸೈನ್ಸ್ ಪಿಯುಸಿ ಮುಗಿಸಿದ, ಒಳ್ಳೆ ಮಾರ್ಕ್ಸ್. ಒಂದು ಅಕಾಡೆಮಿಯಲ್ಲಿ ಸೀಟು ಹಿಡಿದಿದ್ದೇವೆ, ಒಟ್ಟು 62 ಲಕ್ಷ. 3 ಲಕ್ಷ ಕಟ್ಟಿ ಆಗಿದೆ. ನಾಳೆ ಸೋಮವಾರ 18 ಲಕ್ಷ ಕಟ್ಟಬೇಕು, ಇಲ್ಲದಿದ್ದರೆ ಸೀಟು ಬೇರೆಯವರಿಗೆ ಹೋಗುತ್ತದೆ ಅನ್ನುತ್ತಾರೆ. ಎರಡೆಕರೆ ತೋಟದ ಮೇಲೆ ಬ್ಯಾಂಕಿನಲ್ಲಿ ಸಾಲ ಮಂಜೂರಾಗಿದೆ. ಪೈಲಟ್‌ಗಳ ಆರೋಗ್ಯ ತಪಾಸಣೆಯಲ್ಲಿ ಮೊದಲನೆಯದಾದ ಕ್ಲಾಸ್ 2 ಮೆಡಿಕಲ್ ಪಾಸಾಗಿದೆ. ಕ್ಲಾಸ್ 1 ಆಮೇಲೆ ನಿಧಾನಕ್ಕೆ ಮಾಡಿಸಿದರೆ ಸಾಕು ಅಂದರು. ಒಂದೇ ಚಿಕ್ಕ ಅನುಮಾನ. ಅಡಿಕೆ ಕೊನೆ ಕೊಯ್ಲಿನ ಹೊತ್ತಿಗೆ ಕೊನೆಗೌಡ (ಕೊನೆ ಕೊಯ್ಯುವವ) ಮರದ ಮೇಲಿಂದ "ಹಣ್ಣಾದ ಕೊನೆ ಯಾವ ಮರದಲ್ಲಿದೆ, ನೋಡಿ ಹೇಳೋ ತಮ್ಮಾ" ಅಂದರೆ ಮಾಣಿ, ಅಂದರೆ ಮಗ, ತಪ್ಪು ಮರ ತೋರಿಸುತ್ತಾನೆ. ನಾವು ಅವನಿಗೆ ತೋಟದ ಕಡೆ ಗಮನ ಇಲ್ಲ ಅಂತ ನಗುತ್ತಿದ್ದೆವು. ಇದೇನಾದರೂ ತೊಂದರೆಯಾ?

ಕ್ಯಾಪ್ಟನ್: ಹೆಗಡೆಯವರೇ, ಎರಡು ಪ್ರಶ್ನೆ. ಕ್ಲಾಸ್ 2 ಮಾಡಿದ ಡಾಕ್ಟರು ಬಣ್ಣದ ಚುಕ್ಕಿಗಳ ಪುಸ್ತಕ ತೋರಿಸಿದರಾ, ಎಷ್ಟು ಪುಟ? ಇನ್ನೊಂದು, ನಿಮ್ಮ ಹೆಂಡತಿಯ ತಂದೆಗೆ ಬಣ್ಣ ಗುರುತಿಸಲು ಕಷ್ಟ ಇತ್ತಾ?

ಕುಮಟಾ ಶೆಟ್ಟಿ: ನಾನೊಂದು ಮಾತು ಹೇಳಲಾ. ನನ್ನ ಅಕ್ಕನ ಮಗ ಸಿಪಿಎಲ್ ಮುಗಿಸಿ ಎರಡು ವರ್ಷ ಆಯಿತು. ಈಗ ನಮ್ಮ ಅಂಗಡಿಯಲ್ಲಿ ಬಿಲ್ ಬರೆಯುತ್ತಿದ್ದಾನೆ. ಕ್ಯಾಪ್ಟನ್ ಅಂತ ಗಿರಾಕಿಗಳು ತಮಾಷೆ ಮಾಡುತ್ತಾರೆ, ಅವನಿಗೆ ಕಣ್ಣಲ್ಲಿ ನೀರು. ಎಲ್ಲಿದೆ ಕೆಲಸ?

ಅಂಕೋಲಾ ನಾಯಕ: ಶೆಟ್ರೇ ಪೇಪರ್ ಓದುತ್ತೀರೋ ಇಲ್ಲವೋ. 2023ರಲ್ಲಿ ಏರ್ ಇಂಡಿಯಾ 470 ವಿಮಾನ, ಇಂಡಿಗೋ 500 ವಿಮಾನ ಆರ್ಡರ್ ಮಾಡಿವೆ. ಅಷ್ಟೂ ವಿಮಾನ ಯಾರು ಹಾರಿಸುತ್ತಾರೆ, ನಿಮ್ಮ ಅಂಗಡಿ ಗಿರಾಕಿಗಳಾ?

ಕುಮಟಾ ಶೆಟ್ಟಿ: ಆರ್ಡರ್ ಮಾಡಿದ ವಿಮಾನ ನಾಳೆ ಬೆಳಿಗ್ಗೆ ಹಾಲಿನ ಪ್ಯಾಕೆಟ್ ಜತೆ ಬರುತ್ತದಾ?

ಕ್ಯಾಪ್ಟನ್: ಇಬ್ಬರದ್ದೂ ಅರ್ಧರ್ಧ ಸರಿ. ಆ ವಿಮಾನಗಳೆಲ್ಲ ಬರಲು ವರ್ಷಗಟ್ಟಲೆ ಬೇಕು. ಪೈಲಟ್ ಕೊರತೆ ಅಂತ ಪೇಪರಿನಲ್ಲಿ ಬರುತ್ತದಲ್ಲ, ಅದು ಹೆಚ್ಚಿನಂಶ ಕ್ಯಾಪ್ಟನ್‌ಗಳ ಕೊರತೆ. ಕ್ಯಾಪ್ಟನ್ ಸೀಟಿಗೆ ಎಟಿಪಿಎಲ್ (ಸಿಪಿಎಲ್‌ಗಿಂತ ಮೇಲಿನ ಲೈಸೆನ್ಸ್) ಬೇಕು, ಅದಕ್ಕೆ 1500 ಗಂಟೆ. 200 ಗಂಟೆಯ ಹುಡುಗರ ಸಾಲು ಬೇರೆ. 2023 ಒಂದೇ ವರ್ಷ ಡಿಜಿಸಿಎ 1622 ಸಿಪಿಎಲ್ ಕೊಟ್ಟಿದೆ. ಮೇಲಿಂದ ಒಂದು ಕಂಪನಿ ಬಾಗಿಲು ಹಾಕಿದರೆ, 2012ರಲ್ಲಿ ಕಿಂಗ್‌ಫಿಶರ್, 2019ರಲ್ಲಿ ಜೆಟ್, 2023ರಲ್ಲಿ ಗೋ ಫಸ್ಟ್, ಅನುಭವ ಇದ್ದ ನೂರಾರು ಜನ ಬಂದು ಅದೇ ಸಾಲಿನ ಮುಂದೆ ನಿಲ್ಲುತ್ತಾರೆ. ನಾನು ಲೈಸೆನ್ಸ್ ತೆಗೆದಿದ್ದು 2009ರಲ್ಲಿ. ಮೂರು ವರ್ಷ ಹೊನ್ನಾವರದ ಮನೆಯ ಜಗಲಿಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಟ್ಟೆ. ಆ ಮೇಲೆ ಹೊಸಬರನ್ನು ತೆಗೆದುಕೊಂಡಾಗ ಒಂದೇ ಸಲಕ್ಕೆ ತುಂಬಾ ಜನ ತೆಗೆದುಕೊಂಡರು. ಈ ಕೆಲಸ ಹೀಗೇ, ಬಂದರೆ ಮಳೆಗಾಲದ ಹೊಳೆ, ಇಲ್ಲದಿದ್ದರೆ ಮೇ ತಿಂಗಳ ಬಾವಿ.

ಶೆಟ್ಟರೇ, ಅಕ್ಕನ ಮಗನಿಗೆ ಇನ್‌ಸ್ಟ್ರುಮೆಂಟ್ ರೇಟಿಂಗ್ ಜೀವಂತ ಇದೆಯಾ ಕೇಳಿ. ಅದು ಒಂದೇ ವರ್ಷ ನಡೆಯುವುದು. ಅದು ಹೋಗಿದ್ದರೆ ಇಂಟರ್‌ವ್ಯೂ ಕರೆ ಬಂದ ದಿನ ಕೈಕಟ್ಟಿ ಕೂರಬೇಕು. ಪರೀಕ್ಷೆಯ ಪುಸ್ತಕ ಮುಚ್ಚಿಡಬಾರದು. ಏರ್‌ಲೈನ್‌ನವರು ಮೊದಲು ಲಿಖಿತ ಪರೀಕ್ಷೆ, ಆಮೇಲೆ ಕೈ-ಕಣ್ಣು-ತಲೆ ಒಟ್ಟಿಗೆ ಓಡುತ್ತದಾ ಅಂತ ಕಂಪ್ಯೂಟರ್ ಟೆಸ್ಟ್, ಸಿಮ್ಯುಲೇಟರ್, ಕೊನೆಗೆ ಮಾತುಕತೆ ಮಾಡುತ್ತಾರೆ. ಎರಡು ವರ್ಷ ಬಿಟ್ಟವರು ಲಿಖಿತದಲ್ಲೇ ಬೀಳುವುದು ಜಾಸ್ತಿ.

ಕುಮಟಾ ಶೆಟ್ಟಿ: ರೇಟಿಂಗ್ ಹೋಗಿದೆ ಅಂತ ಕಾಣುತ್ತದೆ. ಕೇಳುತ್ತೇನೆ ಮೇಡಂ.

ಶಿರಸಿ ಹೆಗಡೆ: ಮೇಡಂ, ಮನೆಯಲ್ಲಿ ಕೇಳಿದೆ. ಚುಕ್ಕಿ ಪುಸ್ತಕ ಒಂದೆರಡು ಪುಟ ತೋರಿಸಿ "ಸರಿ ಸರಿ" ಅಂದರಂತೆ. ಮಾವನವರು ಈಗಿಲ್ಲ. ಆದರೆ ಇವಳು ಹೇಳುತ್ತಾಳೆ, ಅವರು ಬಿದ್ದ ಅಡಿಕೆ ಹೆಕ್ಕುವಾಗ ಹಣ್ಣೋ ಹಸಿಯೋ ಅಂತ ಉಗುರಲ್ಲಿ ಒತ್ತಿ ನೋಡುತ್ತಿದ್ದರಂತೆ. ನಿಮಗೆ ಹೇಗೆ ಗೊತ್ತಾಯಿತು?

ಯಲ್ಲಾಪುರ ಭಟ್ಟರು: ಹೆಗಡೇರೇ ಚಿಂತೆ ಬೇಡ. ಫಾರ್ವರ್ಡ್ ಬಂದದ್ದು: ನಂದಿಬಟ್ಟಲು ಹೂವಿನ ರಸ ದಿನಾ ಬೆಳಿಗ್ಗೆ ಎರಡು ಹನಿಯಂತೆ 40 ದಿನ ಕಣ್ಣಿಗೆ ಬಿಟ್ಟರೆ ಬಣ್ಣಗುರುಡು ಪೂರ್ತಿ ವಾಸಿ. ಪುಣ್ಯ ಬರುತ್ತದೆ, ಹತ್ತು ಜನರಿಗೆ ಕಳಿಸಿ.

ಕ್ಯಾಪ್ಟನ್: ಭಟ್ಟರೇ, ದಯವಿಟ್ಟು ಅದನ್ನು ಅಳಿಸಿ. ಹೂವು ದೇವರಿಗೆ ಏರಿಸಿ, ಕಣ್ಣಿಗೆ ಹಿಂಡಬೇಡಿ. ಸೋಂಕಾಗಿ ಕಣ್ಣಿನ ಕಪ್ಪುಗುಡ್ಡೆಯ ಮೇಲೆ ಕಲೆ ಬಿದ್ದರೆ ಇದ್ದ ದೃಷ್ಟಿಯೂ ಹೋಗುತ್ತದೆ.

ಹೆಗಡೆಯವರೇ, ಈಗ ನಿಮ್ಮದು. ನಾಳೆ ಬ್ಯಾಂಕಿಗೆ ಹೋಗಬೇಡಿ.

ಕೆಂಪು-ಹಸಿರು ಗೊಂದಲ ಹುಟ್ಟಿನಿಂದ ಬರುವುದು, ಸಾಮಾನ್ಯವಾಗಿ ತಾಯಿಯ ಕಡೆಯಿಂದ ಗಂಡು ಮಕ್ಕಳಿಗೆ. ಅಜ್ಜನಿಗೆ ಇರುತ್ತದೆ, ಮಗಳಿಗೆ ಗೊತ್ತೇ ಆಗುವುದಿಲ್ಲ, ಮೊಮ್ಮಗನಲ್ಲಿ ಕಾಣಿಸುತ್ತದೆ. ಅದಕ್ಕೇ ನಿಮ್ಮ ಮಾವನವರನ್ನು ಕೇಳಿದ್ದು. ಹಸಿರು ಮರದಲ್ಲಿ ಕೇಸರಿ ಬಣ್ಣದ ಕೊನೆ ಕಾಣದೆ ಇರುವುದು ಗಮನದ ಪ್ರಶ್ನೆ ಅಲ್ಲ, ಪಾಪ, ಮಾಣಿಗೆ ಇಷ್ಟು ವರ್ಷ ಸುಮ್ನೆ ಬೈಗುಳ. ಖಚಿತ ಅಂತ ನಾನು ಹೇಳುತ್ತಿಲ್ಲ, ನಾನು ಡಾಕ್ಟರಲ್ಲ. ಆದರೆ 59 ಲಕ್ಷ ಬಾಕಿ ಕಟ್ಟುವ ಮೊದಲು ಖಚಿತ ಮಾಡಿಕೊಳ್ಳಬೇಕಾದ ವಿಷಯ ಇದೊಂದೇ.

ಇದು ಯಾಕೆ ಮುಖ್ಯ ಅಂದರೆ, ಮಂಗಳೂರಿನಲ್ಲಿ ಮಳೆಗಾಲದ ರಾತ್ರಿ ಇಳಿಯುವುದನ್ನು ನೆನೆಸಿಕೊಳ್ಳಿ. ಗುಡ್ಡದ ತಲೆ ಕಡಿದು ಮಾಡಿದ ರನ್‌ವೇ, ವೈಪರ್ ಜೋರಾಗಿ ಓಡುತ್ತಿರುತ್ತದೆ. ರನ್‌ವೇ ಪಕ್ಕ ಸಾಲಾಗಿ ನಾಲ್ಕು ದೀಪ. ಎರಡು ಬಿಳಿ ಎರಡು ಕೆಂಪು ಕಂಡರೆ ನಾವು ಸರಿಯಾದ ಇಳಿಜಾರಿನಲ್ಲಿ ಇದ್ದೇವೆ. ನಾಲ್ಕೂ ಬಿಳಿ ಅಂದರೆ ಎತ್ತರ ಜಾಸ್ತಿ. ನಾಲ್ಕೂ ಕೆಂಪು ಅಂದರೆ ತೀರಾ ಕೆಳಗಿದ್ದೇವೆ, ಮುಂದೆ ಗುಡ್ಡ. ಎದುರಿಗೆ ಬರುವ ವಿಮಾನದ ಎಡರೆಕ್ಕೆಯಲ್ಲಿ ಕೆಂಪು, ಬಲರೆಕ್ಕೆಯಲ್ಲಿ ಹಸಿರು. ರೇಡಿಯೊ ಕೆಟ್ಟರೆ ಟವರ್‌ನವರು ತೋರಿಸುವ ದೀಪವೂ ಕೆಂಪು, ಹಸಿರು, ಬಿಳಿ. ಉಗುರಲ್ಲಿ ಒತ್ತಿ ನೋಡಲು ಅಲ್ಲಿ ಹೊತ್ತಿಲ್ಲ.

ಅಕಾಡೆಮಿಯವರು ಹೇಳಿದ್ದು ಸುಳ್ಳಲ್ಲ, ಅದೇ ಬೇಜಾರು. ಕ್ಲಾಸ್ 2 ಇದ್ದರೆ ತರಬೇತಿ ಶುರು ಮಾಡಬಹುದು. ಆದರೆ ಸಿಪಿಎಲ್ ಕೊಡುವುದು ಕ್ಲಾಸ್ 1 ಇದ್ದರೆ ಮಾತ್ರ. 150 ಗಂಟೆ ಹಾರಿಸಿ, 40 ಲಕ್ಷ ಕಟ್ಟಿ, ಆಮೇಲೆ ಕ್ಲಾಸ್ 1ರಲ್ಲಿ ಬಿದ್ದು ಮನೆಗೆ ಬಂದ ಹುಡುಗನನ್ನು ನಾನು ನೋಡಿದ್ದೇನೆ. ಅವರ ಅಪ್ಪ ಈಗಲೂ ಕಂತು ಕಟ್ಟುತ್ತಿದ್ದಾರೆ. ವಿಮಾನ ಹಾರಿಸಿದ ದುಡ್ಡು ವಾಪಸ್ ಬರುವುದಿಲ್ಲ, ಪೆಟ್ರೋಲ್ ಸುಟ್ಟ ಮೇಲೆ ಯಾರು ಕೊಡುತ್ತಾರೆ?

ಈ ವಾರ ಒಬ್ಬ ಒಳ್ಳೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಚುಕ್ಕಿ ಪುಸ್ತಕ ಪೂರ್ತಿ ಮಾಡಿಸಿ, ಎಲ್ಲ ಪುಟ. ಕ್ಲಾಸ್ 2ರ ವರದಿ ಡಿಜಿಸಿಎ ಒಪ್ಪಿ ಫೈಲ್ ನಂಬರ್ ಬಂದಿದ್ದರೆ ತಡ ಮಾಡದೆ ಕ್ಲಾಸ್ 1ಕ್ಕೆ ದಿನ ಹಿಡಿಯಿರಿ. ಬೆಂಗಳೂರಿನಲ್ಲಿ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಇದೆ, ಅಲ್ಲಿ ಸಿಕ್ಕರೆ ಒಳ್ಳೆಯದು. ಚುಕ್ಕಿ ಪುಸ್ತಕದಲ್ಲಿ ತಪ್ಪಿದವರಿಗೆ ಲ್ಯಾಂಟರ್ನ್ ಪರೀಕ್ಷೆ ಇರುತ್ತದೆ, ಕತ್ತಲೆ ಕೋಣೆಯಲ್ಲಿ ಚಿಕ್ಕ ದೀಪಗಳ ಬಣ್ಣ ಹೇಳಬೇಕು. ಅಲ್ಲೂ ಆಗದಿದ್ದರೆ ಮೇಲ್ಮನವಿಗೆ ದಾರಿ ಇದೆ. ಅದೂ ಆಗದಿದ್ದರೆ ನಿಮ್ಮ ನಷ್ಟ 3 ಲಕ್ಷಕ್ಕೆ ನಿಂತಿತು, ತೋಟ ಉಳಿಯಿತು.

ಸಿದ್ದಾಪುರ ಯುವಕ: ಸರ್ ಯೂಟ್ಯೂಬ್‌ನಲ್ಲಿ ಆ ಪುಸ್ತಕದ ಎಲ್ಲ ನಂಬರ್ ಇದೆ, ಬಾಯಿಪಾಠ ಮಾಡಿದರೆ ಮುಗಿಯಿತು. ಕೆಂಪು ಲೆನ್ಸ್ ಕೂಡ ಸಿಗುತ್ತದೆ, ಲಿಂಕ್ ಬೇಕಾದವರು ಹೇಳಿ.

ಕ್ಯಾಪ್ಟನ್: ಪುಟ ಹಿಂದೆಮುಂದೆ ಮಾಡಿ ತೋರಿಸುತ್ತಾರೆ. ಬಣ್ಣದ ಲೆನ್ಸ್ ಹಾಕಿ ಪರೀಕ್ಷೆಗೆ ಕೂರುವಂತಿಲ್ಲ. ಮತ್ತೆ ನೀವು ಮೋಸ ಮಾಡಿ ಪಾಸಾದರೆ ನಿಮ್ಮ ಹಿಂದೆ 180 ಜನ ಕೂತಿರುತ್ತಾರೆ. ಲಿಂಕ್ ಹಾಕಬೇಡಿ.

ಯಲ್ಲಾಪುರ ಭಟ್ಟರು: ಮೇಡಂ ನಮ್ಮ ಅಜ್ಜಿ ನಂದಿಬಟ್ಟಲು ಹಾಕಿ 90 ವರ್ಷದವರೆಗೆ ಸೂಜಿಗೆ ದಾರ ಪೋಣಿಸಿದವರು. ಇಂಗ್ಲಿಷ್ ಮದ್ದೇ ಸತ್ಯ ಅಂತ ಅಲ್ಲ.

ಕ್ಯಾಪ್ಟನ್: ಅಜ್ಜಿಗೆ ನನ್ನ ನಮಸ್ಕಾರ. ಅವರು ಏರ್‌ಬಸ್ ಇಳಿಸಿರಲಿಲ್ಲ.

ಅಂಕೋಲಾ ನಾಯಕ: ನಮ್ಮ ಅಂಕೋಲಾದ ಅಳಗೇರಿಯಲ್ಲಿ ವಿಮಾನ ನಿಲ್ದಾಣ ಆದರೆ ನಮ್ಮ ಮಕ್ಕಳಿಗೆ ಇಲ್ಲೇ ಪೈಲಟ್ ಕೆಲಸ ಸಿಗುತ್ತದೆ. ಈಗ ವಿಮಾನ ಹಿಡಿಯಲು ಗೋವಾ ಅಥವಾ ಹುಬ್ಬಳ್ಳಿಗೆ ಓಡಬೇಕು.

ಕಾರವಾರದ ಪಾಲಕರು: ಸೀಬರ್ಡ್‌ಗೆ (ನೌಕಾನೆಲೆ) ಭೂಮಿ ಕೊಟ್ಟವರ ಕತೆ ಏನಾಯಿತು ಅಂತ ಮೊದಲು ಕೇಳಿ ನಾಯಕರೇ. ನಮ್ಮ ಅಪ್ಪನಿಗೆ ಕೋರ್ಟು ಅಲೆದು ಚಪ್ಪಲಿ ಸವೆಯಿತು. ಮತ್ತೆ ಈಗ ಅಳಗೇರಿ.

ಅಂಕೋಲಾ ನಾಯಕ: ಎಲ್ಲದಕ್ಕೂ ಅಡ್ಡಗಾಲು ಹಾಕಿ. ನಿಮ್ಮಂಥವರಿಂದಲೇ ಜಿಲ್ಲೆ ಹಿಂದೆ ಉಳಿದಿದ್ದು. ಟಾಗೋರ್ ಬೀಚಲ್ಲಿ ನಿಲ್ಲಿಸಿದ ನೌಕಾಪಡೆಯ ಹಳೆ ಟುಪೊಲೆವ್ ವಿಮಾನ ನೋಡಿಯೇ ಸಮಾಧಾನ ಮಾಡಿಕೊಳ್ಳಬೇಕು.

ಕಾರವಾರದ ಪಾಲಕರು: ನಿಮ್ಮ ಮನೆ ಹೋಗಿದ್ದರೆ ಗೊತ್ತಾಗುತ್ತಿತ್ತು!

ಕ್ಯಾಪ್ಟನ್: ವಿಮಾನ ನಿಲ್ದಾಣ ಇದ್ದ ಊರಲ್ಲೇ ಪೈಲಟ್ ಕೆಲಸ ಸಿಗುತ್ತದೆ ಅನ್ನುವುದು ತಪ್ಪು. ಕಂಪನಿ ಹಾಕಿದ ಬೇಸ್‌ಗೆ ಹೋಗಬೇಕು. ಉಳಿದ ಜಗಳ ನನಗೆ ಬೇಡ.

ಅಡ್ಮಿನ್: ನಾಯಕರೇ, ಸಾಕು. ಇಬ್ಬರೂ ಸಾಕು.

ಮುಂಡಗೋಡ ಪಾಲಕರು: ನಮಸ್ತೆ ಸರ್. ಪೈಲಟ್ ಆಗಲು ಪಿಯುಸಿಯಲ್ಲಿ ಯಾವ ವಿಷಯ ಬೇಕು? ಫೀ ಎಷ್ಟು?

ಕ್ಯಾಪ್ಟನ್: ಮೇಲೆ ಇದೆ.

ಮುಂಡಗೋಡ ಪಾಲಕರು: ಮೇಲೆ ಎಲ್ಲಿ ಸರ್?

ಕ್ಯಾಪ್ಟನ್: ಮೇಲೆ.

ಭಟ್ಕಳ ಹುಡುಗ: ಹೆಲಿಕಾಪ್ಟರ್ ಮೇಡಂ??

ಹಳಿಯಾಳ ಯುವಕ: ಫಾರ್ವರ್ಡ್: 10ನೇ ಪಾಸಾದವರಿಗೆ ಏರ್‌ಲೈನ್‌ನಲ್ಲಿ ನೇರ ಪೈಲಟ್ ನೇಮಕಾತಿ, ತಿಂಗಳಿಗೆ 2 ಲಕ್ಷ, ರಿಜಿಸ್ಟ್ರೇಷನ್ 5500 ಫೋನ್‌ಪೇ ಮಾಡಿ. ಇದು ನಿಜವಾ?

ಕ್ಯಾಪ್ಟನ್: ಅಲ್ಲ. 200 ಗಂಟೆ ಹಾರಿಸದವರಿಗೆ ಯಾವ ಕಂಪನಿಯೂ ಪೈಲಟ್ ಕೆಲಸ ಕೊಡುವಂತಿಲ್ಲ. ಒಬ್ಬರ ಫೋನ್ ನಂಬರಿಗೆ ದುಡ್ಡು ಹಾಕಿಸಿಕೊಂಡು ಏರ್‌ಲೈನ್ ನೇಮಕಾತಿ ನಡೆಯುವುದಿಲ್ಲ. ಇದನ್ನು ಇಲ್ಲಿಗೆ ಹಾಕುವ ಮೊದಲು ಎರಡು ನಿಮಿಷ ಯೋಚಿಸಬಹುದಿತ್ತು.

ಹಳಿಯಾಳ ಯುವಕ: ಕೇಳಿದ್ದೇ ತಪ್ಪಾ? ಇಷ್ಟು ಸಿಟ್ಟು ಯಾಕೆ. ದೊಡ್ಡವರು ಅಂತ ಹೀಗೆ ಮಾತಾಡುವುದಾ.

ಕುಮಟಾ ಶೆಟ್ಟಿ: ತಮ್ಮಾ, ಅವರು ರಜೆಯಲ್ಲಿ ಬಂದು ಪುಕ್ಕಟೆ ಉತ್ತರ ಕೊಡುತ್ತಿದ್ದಾರೆ. ನೀನು 5500 ಉಳಿಸಿಕೊಂಡೆಯಲ್ಲ, ಸುಮ್ನೆ ಇರು.

ಶಿರಸಿ ಹೆಗಡೆ: ಮೇಡಂ, ಅಕಾಡೆಮಿಗೆ ಈಗ ಫೋನ್ ಮಾಡಿದೆ. ಕ್ಲಾಸ್ 1 ಆಗದೆ ದುಡ್ಡು ಕಟ್ಟುವುದಿಲ್ಲ ಅಂದೆ. ಮೊದಲು ಆಗುವುದಿಲ್ಲ ಅಂದರು. ಹಾಗಾದರೆ 3 ಲಕ್ಷ ವಾಪಸ್ ಕೊಡಿ ಅಂದ ಮೇಲೆ, ಸೀಟು ಎರಡು ತಿಂಗಳು ಇಟ್ಟಿರುತ್ತೇವೆ, ಗಡಿಬಿಡಿ ಇಲ್ಲ ಅಂತ ಶುರು ಮಾಡಿದರು. ನಿನ್ನೆಯವರೆಗೆ ನಾಳೆಯೇ ಕೊನೆ ದಿನ ಆಗಿತ್ತು.

ಕ್ಯಾಪ್ಟನ್: ಹಾ. ಎರಡು ತಿಂಗಳು ಅಂತ ಮೇಲ್‌ನಲ್ಲಿ ಬರೆಸಿಕೊಳ್ಳಿ, ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ.

ಶಿರಸಿ ಹೆಗಡೆ: ಆಗಲಿ. ಮಾಣಿಗೆ ಇನ್ನೂ ಹೇಳಿಲ್ಲ. ಇವಳು ಅಳುತ್ತಾ ಕೂತಿದ್ದಾಳೆ, ತನ್ನಿಂದಲೇ ಅಂತ.

ಕ್ಯಾಪ್ಟನ್: ಅವರಿಗೆ ಫೋನ್ ಕೊಡಿ, ರಾತ್ರಿ ಎಂಟರ ಮೇಲೆ ನಾನೇ ಮಾತಾಡುತ್ತೇನೆ. ನಂಬರ್ ಅಡ್ಮಿನ್ ಹತ್ತಿರ ಕೊಡಿ. ಮಾಣಿಗೆ ಇವತ್ತೇ ಹೇಳಿ, ಕಣ್ಣಿನ ಪರೀಕ್ಷೆ ಅವನದ್ದು, ಗುಟ್ಟು ಮಾಡಬೇಡಿ. ರಿಸಲ್ಟ್ ಏನೇ ಬರಲಿ, ನನಗೆ ಒಬ್ಬಳಿಗೇ ಕಳಿಸಿ. ಇಲ್ಲಿ ಹಾಕಬೇಡಿ.

ಯಲ್ಲಾಪುರ ಭಟ್ಟರು: ಈ ಸಂದೇಶವನ್ನು ಅಳಿಸಲಾಗಿದೆ