ವಿಶ್ವಕಪ್‌ನಲ್ಲಿ ಆಡುವುದು ದೇಶವೋ, ರಾಷ್ಟ್ರವೋ, ನಾಡೋ?

ಗೆಳೆಯರೇ,

2025ರ ನವೆಂಬರ್‌ನಲ್ಲಿ ಕುರಸಾವ್ ಫುಟ್‌ಬಾಲ್ ವಿಶ್ವಕಪ್‌ಗೆ ಅರ್ಹತೆ ಪಡೆಯಿತು. ಜಮೈಕಾದಲ್ಲಿ ನಡೆದ ಕೊನೆಯ ಪಂದ್ಯದಲ್ಲಿ ಗೋಲು ಬಿಟ್ಟುಕೊಡದೆ ಡ್ರಾ ಮಾಡಿಕೊಂಡರು, ಅಷ್ಟೇ ಸಾಕಾಯಿತು. ಇಂಥ ತಂಡದ ಬಗ್ಗೆ ಬರೆಯುವಾಗ ‘ಪುಟ್ಟ ದ್ವೀಪ ರಾಷ್ಟ್ರ’ ಅನ್ನುವ ಮಾತು ಕೈಗೆ ತಾನಾಗಿ ಬರುತ್ತದೆ. ಆದರೆ ಕುರಸಾವ್ ಸ್ವತಂತ್ರ ರಾಷ್ಟ್ರವಲ್ಲ. ಕೆರಿಬಿಯನ್ ಸಮುದ್ರದ ಆ ದ್ವೀಪ ನೆದರ್ಲೆಂಡ್ಸ್ ದೊರೆಯ ಆಳ್ವಿಕೆಗೆ ಸೇರಿದ ನಾಲ್ಕು ಭಾಗಗಳಲ್ಲಿ ಒಂದು. ಸುಮಾರು ಒಂದೂವರೆ ಲಕ್ಷ ಜನ ಇದ್ದಾರೆ. ಅವರದೇ ಸರ್ಕಾರ ಇದೆ, ಅವರದೇ ಮಾತು ಇದೆ, ಅವರದೇ ತಂಡ ಇದೆ. ವಿಶ್ವಸಂಸ್ಥೆಯಲ್ಲಿ ಮಾತ್ರ ಕುರ್ಚಿ ಇಲ್ಲ.

ನನ್ನ ಪ್ರಶ್ನೆ ಇದು. ಫುಟ್‌ಬಾಲ್‌ನಲ್ಲಿ ಬಾವುಟ ಹಿಡಿದು ಬರುವ ಇಂಥ ಗುಂಪನ್ನು ಕನ್ನಡದಲ್ಲಿ ಏನೆಂದು ಕರೆಯಬೇಕು? ನಮ್ಮ ಹತ್ತಿರ ದೇಶ, ರಾಷ್ಟ್ರ, ನಾಡು ಅಂತ ಮೂರು ಪದ ಇವೆ. ಮೂರನ್ನೂ ಒಂದರ ಬದಲು ಒಂದು ಎಂಬಂತೆ ಬಳಸುತ್ತಿದ್ದೇವೆ. ನನಗೆ ಇದು ಬರೀ ನಿಘಂಟಿನ ವಿಷಯ ಅನ್ನಿಸುವುದಿಲ್ಲ. ಯಾವ ಪದ ಹಾಕಿದರೂ ಅದರ ಜೊತೆ ಒಂದು ರಾಜಕೀಯ ಬರುತ್ತದೆ.

ಫುಟ್‌ಬಾಲ್‌ನ ಜಾಗತಿಕ ಸಂಸ್ಥೆ ಫಿಫಾದಲ್ಲಿ 211 ಸದಸ್ಯರು. ವಿಶ್ವಸಂಸ್ಥೆಯಲ್ಲಿ 193. ಈ ಅಂತರಕ್ಕೆ ದೊಡ್ಡ ಕಾರಣ ಬ್ರಿಟನ್ನೇ. ಮೊದಲ ಅಂತರರಾಷ್ಟ್ರೀಯ ಪಂದ್ಯ ನಡೆದದ್ದು 1872ರ ನವೆಂಬರ್ 30ರಂದು, ಗ್ಲಾಸ್ಗೋದಲ್ಲಿ, ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡ್ ನಡುವೆ. ಯಾರೂ ಗೋಲು ಹೊಡೆಯಲಿಲ್ಲ. ಆಡಿದ ಇಬ್ಬರೂ ಒಂದೇ ರಾಣಿಯ ಪ್ರಜೆಗಳು, ಒಂದೇ ಸಂಸತ್ತಿನ ಕೆಳಗಿದ್ದವರು. ಅಂದರೆ ಮೊದಲ ‘ಅಂತರರಾಷ್ಟ್ರೀಯ’ ಪಂದ್ಯವೇ ಎರಡು ರಾಷ್ಟ್ರಗಳ ನಡುವೆ ನಡೆದದ್ದಲ್ಲ. ಫಿಫಾ ಹುಟ್ಟಿದ್ದು 1904ರಲ್ಲಿ. ಅಷ್ಟರಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಐರ್ಲೆಂಡ್ ತಂಡಗಳು ತಮ್ಮತಮ್ಮೊಳಗೆ ಆಡುತ್ತಾ ವರ್ಷಗಳೇ ಕಳೆದಿದ್ದವು. ಇವತ್ತಿಗೂ ಆಟದ ನಿಯಮ ಬದಲಿಸುವ ಮಂಡಳಿಯಲ್ಲಿ ಬ್ರಿಟನ್ನಿನ ನಾಲ್ಕು ಸಂಸ್ಥೆಗಳಿಗೆ ಒಂದೊಂದು ಮತ ಇದೆ, ಉಳಿದ ಜಗತ್ತಿನ ಪರವಾಗಿ ಫಿಫಾಕ್ಕೆ ನಾಲ್ಕು.

ನಮ್ಮಲ್ಲಿ ಇನ್ನೂ ‘ಇಂಗ್ಲೆಂಡ್ ಪ್ರಧಾನಿ’ ಅಂತ ಬರೆಯುವವರಿದ್ದಾರೆ. ಮಾತಿನಲ್ಲಂತೂ ಇಡೀ ಬ್ರಿಟನ್ನಿಗೆ ಇಂಗ್ಲೆಂಡ್ ಎಂದೇ ಹೆಸರು. ಫುಟ್‌ಬಾಲ್ ನೋಡುವವರಿಗೆ ಇದು ಚುಚ್ಚುತ್ತದೆ. ವೇಲ್ಸ್ 1958ರ ವಿಶ್ವಕಪ್‌ನಲ್ಲಿ ಕ್ವಾರ್ಟರ್ ಫೈನಲ್‌ವರೆಗೆ ಬಂದು, ಪೆಲೆ ಹೊಡೆದ ಒಂದೇ ಗೋಲಿನಿಂದ ಬ್ರೆಜಿಲ್‌ಗೆ ಸೋತಿತು. ಮತ್ತೆ ವಿಶ್ವಕಪ್ ಆಡಲು 64 ವರ್ಷ ಕಾಯಬೇಕಾಯಿತು. 2022ರಲ್ಲಿ ಕತಾರ್‌ನಲ್ಲಿ ಆ ಜನ ವೆಲ್ಷ್ ಭಾಷೆಯ ತಮ್ಮ ಹಾಡನ್ನು ಹಾಡಿದ್ದನ್ನು ಕೇಳಿದವರು ಅವರನ್ನು ‘ಬ್ರಿಟನ್ನಿನ ಒಂದು ತಂಡ’ ಅನ್ನಲಾರರು. ಇಂಗ್ಲೆಂಡ್ ಹಾಡುವುದು ಇಡೀ ಬ್ರಿಟನ್ನಿನ ರಾಷ್ಟ್ರಗೀತೆಯನ್ನು. ವೇಲ್ಸ್ ಹಾಡುವುದು ತನ್ನ ನಾಡಗೀತೆಯನ್ನು. ನೋಡಿ, ಇಲ್ಲಿ ಕನ್ನಡ ಎಷ್ಟು ಚೆನ್ನಾಗಿ ಒದಗುತ್ತದೆ! ರಾಷ್ಟ್ರಗೀತೆ ಬೇರೆ, ನಾಡಗೀತೆ ಬೇರೆ ಅನ್ನುವುದು ನಮ್ಮ ಶಾಲೆಯ ಮಕ್ಕಳಿಗೂ ಗೊತ್ತು.

ಅದಕ್ಕೇ ನನ್ನ ಒಲವು ‘ನಾಡು’ ಕಡೆಗೆ. ನಾಡಹಬ್ಬ, ನಾಡಧ್ವಜ, ಹೊರನಾಡ ಕನ್ನಡಿಗ ಎನ್ನುವಾಗ ನಾವು ಸರ್ಕಾರದ ಮಾತಾಡುತ್ತಿಲ್ಲ. ಜನ, ನೆಲ, ಮಾತು ಇವುಗಳ ಬಗ್ಗೆ ಹೇಳುತ್ತಿರುತ್ತೇವೆ. ಇದರ ಅಳತೆಯೂ ಹಿಗ್ಗುತ್ತದೆ, ಕುಗ್ಗುತ್ತದೆ. ತುಳುನಾಡು, ಮಲೆನಾಡು, ಕನ್ನಡನಾಡು ಎಲ್ಲವೂ ನಾಡೇ. ಹಳೆಯ ಶಾಸನಗಳಲ್ಲಿ ಬೆಳ್ವೊಲನಾಡು ಇದೆ, ಬನವಾಸಿನಾಡು ಇದೆ. ದೊಡ್ಡ ರಾಜ್ಯದ ಒಳಗಿದ್ದೂ ತನ್ನತನ ಉಳಿಸಿಕೊಂಡ ಪ್ರದೇಶಕ್ಕೆ ಇಷ್ಟು ಹಳೆಯ, ಇಷ್ಟು ಸಲೀಸಾದ ಪದ ನಮ್ಮಲ್ಲಿದೆ. ಸ್ಕಾಟ್ಲೆಂಡ್, ವೇಲ್ಸ್, ಡೆನ್ಮಾರ್ಕ್‌ಗೆ ಸೇರಿದ ಫಾರೋ ದ್ವೀಪಗಳು, ಈಗ ಕುರಸಾವ್, ಇವಕ್ಕೆಲ್ಲ ನಾಡು ಹೊಂದುತ್ತದೆ. ಲಂಡನ್ ಒಲಿಂಪಿಕ್ಸ್‌ಗೆ 2012ರಲ್ಲಿ ಬ್ರಿಟನ್ ಒಂದೇ ಫುಟ್‌ಬಾಲ್ ತಂಡ ಕಟ್ಟಿದಾಗ ಸ್ಕಾಟ್ಲೆಂಡ್, ವೇಲ್ಸ್ ಸಂಸ್ಥೆಗಳು ಒಪ್ಪಲಿಲ್ಲ. ಇವತ್ತು ಒಟ್ಟಿಗೆ ಆಡಿದರೆ ನಾಳೆ ನಮ್ಮ ತಂಡವೇ ಇರುವುದಿಲ್ಲ ಅನ್ನುವ ಭಯ ಅವರದು. ಆ ಭಯ ನನಗೆ ಪೂರ್ತಿ ಅರ್ಥವಾಗುತ್ತದೆ. ರಾಷ್ಟ್ರವಿಲ್ಲದ ನಾಡಿಗೆ ಜಗತ್ತು ಗುರುತಿಸುವ ಹನ್ನೊಂದು ಜನರ ತಂಡ ಅಂದರೆ ಸಣ್ಣ ಸಂಗತಿಯಲ್ಲ.

ಆದರೆ ‘ನಾಡು’ ಎಲ್ಲ ಕಡೆಗೂ ಸರಿಹೋಗುವುದಿಲ್ಲ. ಕೊಸೊವೊ ನೋಡಿ. 2008ರಲ್ಲಿ ಸರ್ಬಿಯಾದಿಂದ ಬೇರೆಯಾಗಿ ಸ್ವಾತಂತ್ರ್ಯ ಘೋಷಿಸಿಕೊಂಡಿತು. 2016ರಲ್ಲಿ ಫಿಫಾ ಸೇರಿತು. ಭಾರತ ಅದನ್ನು ಇನ್ನೂ ಮಾನ್ಯ ಮಾಡಿಲ್ಲ, ಸ್ಪೇನ್ ಕೂಡ ಮಾಡಿಲ್ಲ. 2021ರ ಮಾರ್ಚ್‌ನಲ್ಲಿ ವಿಶ್ವಕಪ್ ಅರ್ಹತಾ ಪಂದ್ಯಕ್ಕೆ ಕೊಸೊವೊ ಸ್ಪೇನಿನ ಸೆವಿಯಾಗೆ ಬಂದಿತ್ತು. ಸ್ಪೇನಿನ ಟಿವಿಯಲ್ಲಿ ಸ್ಕೋರ್ ತೋರಿಸುವಾಗ ಸ್ಪೇನಿನ ಹೆಸರು ದೊಡ್ಡಕ್ಷರದಲ್ಲಿ, ಕೊಸೊವೊ ಹೆಸರು ಸಣ್ಣಕ್ಷರದಲ್ಲಿ ಇತ್ತು! ಆಡಲು ಒಪ್ಪುತ್ತೇವೆ, ದೇಶ ಅಂತ ಮಾತ್ರ ಒಪ್ಪುವುದಿಲ್ಲ ಎಂದು ಹೇಳುವ ರೀತಿ ಅದು. ಮನೆಗೆ ಬಂದವರನ್ನು ಹಾಗೆ ನಡೆಸಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ನಮ್ಮ ಲಿಪಿಯಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಇಲ್ಲ. ಹಾಗಾಗಿ ಕನ್ನಡದಲ್ಲಿ ಆ ಕೆಲಸವನ್ನು ಪದವೇ ಮಾಡಿಬಿಡುತ್ತದೆ. ಸರ್ಬಿಯಾ ದೇಶ, ಕೊಸೊವೊ ನಾಡು ಅಂತ ಒಂದೇ ಸಾಲಿನಲ್ಲಿ ಬರೆದರೆ ಸ್ಪೇನಿನ ಟಿವಿ ಮಾಡಿದ್ದನ್ನೇ ನಾವೂ ಮಾಡಿದ ಹಾಗೆ. ಅಲ್ವಾ? ಅಲ್ಲಿನ ಜನ ತಮ್ಮನ್ನು ಸ್ವತಂತ್ರ ದೇಶ ಎಂದು ಕರೆದುಕೊಳ್ಳುತ್ತಾರೆ. ನೂರಕ್ಕಿಂತ ಜಾಸ್ತಿ ದೇಶಗಳು ಒಪ್ಪಿವೆ. ದೆಹಲಿಯ ವಿದೇಶಾಂಗ ನೀತಿ ಏನೇ ಇರಲಿ, ಫುಟ್‌ಬಾಲ್ ಬರೆಯುವಾಗ ನಾನು ಕೊಸೊವೊವನ್ನು ದೇಶ ಅಂತಲೇ ಬರೆಯುತ್ತೇನೆ. ಪ್ಯಾಲೆಸ್ಟೀನ್ ವಿಷಯದಲ್ಲೂ ಅಷ್ಟೇ. 1998ರಿಂದ ಅದು ಫಿಫಾ ಸದಸ್ಯ. 2024ರ ಜನವರಿಯಲ್ಲಿ, ಗಾಜಾದ ಮೇಲೆ ಬಾಂಬು ಬೀಳುತ್ತಿದ್ದ ದಿನಗಳಲ್ಲೇ, ಅವರು ಏಷ್ಯನ್ ಕಪ್‌ನಲ್ಲಿ ಮೊದಲ ಬಾರಿ ನಾಕೌಟ್ ಹಂತಕ್ಕೆ ಬಂದರು. ಆ ತಂಡದ ಮುಂದೆ ನಿಂತು ‘ಪ್ರದೇಶ’ ಎಂಬ ಪದ ಬಳಸಲು ನನಗೆ ಬಾಯಿ ಬರುವುದಿಲ್ಲ.

ಇನ್ನೊಂದು ತೊಡಕು. ನಾಡು ಅಂದಕೂಡಲೇ ಹುಟ್ಟು, ಭಾಷೆ, ಬೇರು ಇವೆಲ್ಲ ಮನಸ್ಸಿಗೆ ಬರುತ್ತವೆ. 1998ರಲ್ಲಿ ವಿಶ್ವಕಪ್ ಗೆದ್ದ ಫ್ರಾನ್ಸ್ ತಂಡದಲ್ಲಿ ಜಿದಾನ್ ಅಪ್ಪ ಅಮ್ಮ ಅಲ್ಜೀರಿಯಾದವರು, ದೆಸಾಯಿ ಘಾನಾದಲ್ಲಿ, ವಿಯೆರಾ ಸೆನೆಗಲ್‌ನಲ್ಲಿ ಹುಟ್ಟಿದವರು. ಇವರು ನಿಜವಾದ ಫ್ರೆಂಚರಲ್ಲ ಎಂದು ಗೊಣಗಿದ ರಾಜಕಾರಣಿಗಳು ಆಗಲೂ ಇದ್ದರು. ಜರ್ಮನಿಯ ಓಜಿಲ್ ಟರ್ಕಿ ಮೂಲದವರಾದರೂ ಹುಟ್ಟಿದ್ದೇ ಜರ್ಮನಿಯಲ್ಲಿ, 2014ರಲ್ಲಿ ವಿಶ್ವಕಪ್ ಗೆದ್ದವರು. ಟರ್ಕಿಯ ಅಧ್ಯಕ್ಷ ಎರ್ಡೊಆನ್ ಜೊತೆ ಫೋಟೊ ತೆಗೆಸಿಕೊಂಡದ್ದಕ್ಕೆ ದೊಡ್ಡ ಗಲಾಟೆಯಾಯಿತು. ಆ ಫೋಟೊವನ್ನು ಟೀಕಿಸುವುದು ತಪ್ಪಲ್ಲ. ಆದರೆ ಮಾತು ಅಲ್ಲಿಗೆ ನಿಲ್ಲಲಿಲ್ಲ, ಅವರ ಮೂಲಕ್ಕೇ ಹೋಯಿತು. 2018ರಲ್ಲಿ ತಂಡ ಬಿಡುವಾಗ ಅವರು, ಗೆದ್ದರೆ ನಾನು ಜರ್ಮನ್, ಸೋತರೆ ವಲಸಿಗ ಎಂದರು. ಇಂಥ ಕಡೆ ‘ನಾಡಿನ ತಂಡ’ ಅಂದರೆ ಗೊಣಗುವವರ ಕೈಗೇ ಪದ ಕೊಟ್ಟ ಹಾಗೆ ಆಗುತ್ತದೆ. ‘ದೇಶದ ತಂಡ’ ಎನ್ನುವುದೇ ಒಳ್ಳೆಯದು. ದೇಶಕ್ಕೆ ಸೇರಲು ಅಲ್ಲಿನ ಪ್ರಜೆಯಾದರೆ ಸಾಕು, ಅಜ್ಜನ ಊರು ಯಾವುದು ಅಂತ ಯಾರೂ ಕೇಳಬೇಕಿಲ್ಲ.

ಇನ್ನು ‘ರಾಷ್ಟ್ರ’. ಈ ಪದ ಕೇಳಿದರೆ ನನಗೆ ಕಾಣುವುದು ಸರ್ಕಾರ, ಸೇನೆ, ಮುದ್ರೆ. ಫುಟ್‌ಬಾಲ್ ತಂಡ ಸರ್ಕಾರದ್ದಲ್ಲ, ಆಗಲೂಬಾರದು. 1960ರ ಯುರೋಪಿಯನ್ ಕಪ್‌ನಲ್ಲಿ ಸ್ಪೇನ್ ಸೋವಿಯತ್ ಒಕ್ಕೂಟದ ಎದುರು ಆಡಬೇಕಿತ್ತು. ಆಗ ಸ್ಪೇನನ್ನು ಆಳುತ್ತಿದ್ದ ಫ್ರಾಂಕೊ ತಂಡವನ್ನು ಕಳಿಸಲಿಲ್ಲ. ಆಡದೆಯೇ ಮುಂದೆ ಹೋದ ಸೋವಿಯತ್ ತಂಡ ಕಪ್ ಗೆದ್ದಿತು. ಆಟಗಾರರ ಒಂದು ಅವಕಾಶ ಒಬ್ಬ ಸರ್ವಾಧಿಕಾರಿಯ ಹಟಕ್ಕೆ ಹೋಯಿತು. ಉಲ್ಟಾ ಉದಾಹರಣೆಯೂ ಇದೆ. ಅದೇ ಟೂರ್ನಿಯ 1992ರ ಆವೃತ್ತಿಗೆ ಸೋವಿಯತ್ ತಂಡ ಅರ್ಹತೆ ಪಡೆದಿತ್ತು, ಆದರೆ ಟೂರ್ನಿ ಬರುವಷ್ಟರಲ್ಲಿ ಸೋವಿಯತ್ ಒಕ್ಕೂಟವೇ ಇರಲಿಲ್ಲ. ಆಟಗಾರರು ಸ್ವತಂತ್ರ ದೇಶಗಳ ಕೂಟದ ಹೆಸರಿನಲ್ಲಿ ಆಡಿದರು, ರಾಷ್ಟ್ರಗೀತೆಯ ಬದಲು ಬೀಥೋವನ್ನನ ಸಂಗೀತ ನುಡಿಸಿದರು. ರಾಷ್ಟ್ರ ಹೋದ ಮೇಲೂ ತಂಡ ಉಳಿದಿತ್ತು.

ನಮ್ಮ ಮನೆಯಂಗಳದ ಮಾತೂ ಇದೆ. 2023ರ ದಕ್ಷಿಣ ಏಷ್ಯಾ ಫುಟ್‌ಬಾಲ್ ಒಕ್ಕೂಟದ (ಸ್ಯಾಫ್) ಟೂರ್ನಿ ಬೆಂಗಳೂರಿನ ಕಂಠೀರವದಲ್ಲಿ ನಡೆಯಿತು. ಜುಲೈ 4ರ ಫೈನಲ್‌ನಲ್ಲಿ ಭಾರತ ಪೆನಾಲ್ಟಿಯಲ್ಲಿ ಕುವೈತನ್ನು ಸೋಲಿಸಿತು. ಪದಕ ಪಡೆಯುವಾಗ ಭಾರತ ತಂಡದ ಮಣಿಪುರದ ಆಟಗಾರ ಜೀಕ್ಸನ್ ಸಿಂಗ್ ಮೈಮೇಲೆ ಅಲ್ಲಿನ ಮೈತೇಯಿ ಜನರ ಏಳು ಬಣ್ಣದ ಬಾವುಟ ಹೊದ್ದಿದ್ದರು. ಮಣಿಪುರ ಆಗ ಉರಿಯುತ್ತಿತ್ತು. ಜಗಳ ನಿಲ್ಲಲಿ, ಶಾಂತಿ ಬರಲಿ ಎಂದು ಕೇಳಿಕೊಂಡರು, ಯಾರ ಮನಸ್ಸನ್ನೂ ನೋಯಿಸುವ ಉದ್ದೇಶ ಇರಲಿಲ್ಲ ಎಂದೂ ಹೇಳಿದರು. ಆದರೂ ಟೀಕೆ ಬಂತು. ಆ ಬಾವುಟ ಒಂದು ಸಮುದಾಯದ್ದು, ಹಿಂಸೆ ನಡೆಯುತ್ತಿದ್ದಾಗ ಇನ್ನೊಂದು ಸಮುದಾಯದವರಿಗೆ ಅದು ಬೇರೆ ರೀತಿ ಕಂಡಿರಬಹುದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ‘ರಾಷ್ಟ್ರೀಯ ತಂಡದಲ್ಲಿ ಬೇರೆ ಬಾವುಟ ಏಕೆ’ ಅನ್ನುವ ಪ್ರಶ್ನೆಯನ್ನು ಒಪ್ಪಲಾರೆ. ದೇಶಕ್ಕಾಗಿ ಆಡಿದವನು ಹೊತ್ತಿ ಉರಿಯುವ ತನ್ನ ನಾಡನ್ನು ನೆನೆಯಬಾರದೇ? ಹಳದಿ ಕೆಂಪು ಬಾವುಟವನ್ನು ನಾಡಧ್ವಜ ಎನ್ನುವ ನಮಗೆ ಇದು ಬೇಗ ಅರ್ಥವಾಗಬೇಕು.

ಸದ್ಯ ನಾನು ಬಳಸುತ್ತಿರುವುದು ಹೀಗೆ. ಸಾಮಾನ್ಯವಾಗಿ ದೇಶ, ದೇಶದ ತಂಡ. ದೊಡ್ಡ ದೇಶದ ಒಳಗಿದ್ದು ತಮ್ಮದೇ ತಂಡ ಇಟ್ಟುಕೊಂಡವರಿಗೆ ನಾಡು. ರಾಷ್ಟ್ರ ಎಂಬುದನ್ನು ಸರ್ಕಾರದ ಸಂಗತಿ ಬಂದಾಗ ಮಾತ್ರ. ಅನುಮಾನ ಬಂದರೆ ಸುಮ್ನೆ ತಂಡದ ಹೆಸರು.

ಬಲ್ಲವರಿಂದ ಮೂರು ವಿಷಯ ತಿಳಿಯಬೇಕು. ನಿಮ್ಮ ಕಡೆ ‘ನಾಡು’ ಅಂದರೆ ದೇಶಕ್ಕಿಂತ ಒಂದು ಮೆಟ್ಟಿಲು ಕೆಳಗೆ ಅನ್ನುವ ಭಾವನೆ ಇದೆಯೇ, ಅಥವಾ ಅದು ನನ್ನ ಕಿವಿಗೆ ಮಾತ್ರವೇ? ಉತ್ತರ ಕರ್ನಾಟಕದ, ಕರಾವಳಿಯ ಗೆಳೆಯರು ವಿಶೇಷವಾಗಿ ಹೇಳಬೇಕು. ‘ನಾಡತಂಡ’ ಎಂಬ ಪದವನ್ನು ಯಾರಾದರೂ ಬರಹದಲ್ಲಿ ಬಳಸಿದ್ದೀರಾ? ಕೊನೆಯದು, ‘ಅಂತರರಾಷ್ಟ್ರೀಯ ಪಂದ್ಯ’ಕ್ಕೆ ರಾಷ್ಟ್ರ ಬಾರದ, ಆದರೆ ಓದುಗರಿಗೆ ತಕ್ಷಣ ತಿಳಿಯುವ ಬೇರೆ ಮಾತು ನಿಮಗೆ ಹೊಳೆಯುತ್ತದೆಯೇ? ‘ನಾಡುನಾಡುಗಳ ಪಂದ್ಯ’ ಎಂದು ಬರೆದು ನೋಡಿದೆ, ತಲೆಬರಹಕ್ಕೆ ಉದ್ದವಾಗುತ್ತದೆ.